ಕನ್ನಡದ ಧಾಟಿಯಲ್ಲಿ ಕ್ರಿಸ್ತಚರಿತೆ

ಪರಭಾಷೆಯ ಕೀರ್ತನೆಯನ್ನು ಕನ್ನಡಿಸುವುದೆಂದರೆ ಶಬ್ದಕ್ಕೆ ಪ್ರತಿಯಾಗಿ ಶಬ್ದವನ್ನಿಡುವುದಷ್ಟೇ ಅಲ್ಲ. ಜರ್ಮನ್ ಪದ್ಯದ ನಡೆಯು ಉಚ್ಚಾರಣೆಯ ಒತ್ತನ್ನು ಅನುಸರಿಸುವುದು; ನಮ್ಮ ಮಾತ್ರಾಛಂದಸ್ಸಿನಲ್ಲಿಯಾದರೋ ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆಯೆಂದು ಲೆಕ್ಕ. ಹೊರಗಿನ ಧಾಟಿಗೆ ಕಟ್ಟುಬಿದ್ದು 'ಬಳೆ' ಎಂಬುದರ ಮೊದಲಕ್ಷರವನ್ನು ಎಳೆದರೆ ಅದು 'ಬಾಳೆ'ಯಾದೀತು! ಆಗ ಭಕ್ತಿಯಿದ್ದರೂ ಅರ್ಥವು ಕೆಡುವುದು.

ಕ್ರಿಸ್ತಭಕ್ತಿಯನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಲು ಯತ್ನಿಸಿದ ಮಹನೀಯರು ಫರ್ಡಿನೆಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಇವರನ್ನು 1853ರಲ್ಲಿ ಬಾಸೆಲ್ ಮಿಶನ್ನಿನವರು ಕನ್ನಡ ನಾಡಿಗೆ ಕಳುಹಿಸಿದರು. ಒಂಬತ್ತೇ ವರ್ಷಗಳಲ್ಲಿ, 1862ರಲ್ಲಿ, ಯೇಸುವಿನ ಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ರಚಿಸಿದರು. ತಾಯಿಯ ಮಡಿಲಿನಲ್ಲಿ ಕಲಿಯದ ನುಡಿಯಲ್ಲಿ ಕಾವ್ಯಕಟ್ಟುವುದು ಅಲ್ಪಸಾಹಸವೆ?

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿ ಪ್ರಕಟಪಡಿಸಿದರು. 1894ರಲ್ಲಿ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಕನ್ನಡ ವ್ಯಾಕರಣವನ್ನು ಪ್ರಕಟಿಸಿದ 1903ರಲ್ಲಿಯೇ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಸ್ವರ್ಗಸ್ಥರಾದರು.

ಅವರು ಮತಪ್ರಚಾರಕ್ಕಾಗಿ ಬಂದವರೆಂಬುದನ್ನು ಮರೆಮಾಚಬೇಕಾದುದಿಲ್ಲ. ಆದರೆ ತಮ್ಮ ದೇವರನ್ನು ಕನ್ನಡದಲ್ಲಿ ಸ್ತುತಿಸಲು ಹೊರಟವರು ಮೊದಲು ಕನ್ನಡಕ್ಕೆ ಶಿಷ್ಯರಾದರು. ಮಳೆಗಾಲದ ರಾತ್ರಿಗಳಲ್ಲಿ ಜೈಮಿನಿ ಭಾರತದ ವಾಚನವನ್ನು ಕೇಳುತ್ತ ಕುಂದೂರಿನ ಮಲೆಸೀಮೆಯಲ್ಲಿ ಬೆಳೆದ ನಮಗೆ ಈ ವಿನಯವು ವಂದನೀಯವೆಂದು ತೋರುತ್ತದೆ. ಮನೆಯ ಮಕ್ಕಳಿಗೆ ಲಘು-ಗುರುಗಳನ್ನು ಕಲಿಸುವಾಗ, ವಾಚಕರೇ, ಈ ಪರದೇಶದ ಶಿಷ್ಯನ ಹೆಸರನ್ನೂ ಒಮ್ಮೆ ಹೇಳೋಣ.