ಬಾಗಿಲ ಪಕ್ಕ ನಮ್ಮ ಹೆಸರು

ಅಕ್ಕಂದಿರೇ, ನಿಮ್ಮ ಮನೆ ಬಾಗಿಲ ಪಕ್ಕ ಹೆಸರಿನ ಹಲಗೆ ಇದೆಯಾ? ಇದ್ದರೆ ಅದರ ಮೇಲೆ ಯಾರ ಹೆಸರಿದೆ? ಒಮ್ಮೆ ಹೋಗಿ ಓದಿ ಬನ್ನಿ. ಈಗ ನಿಮಗೆ ಓದಲು ಬರುತ್ತದಲ್ಲ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಇದೇ ಪ್ರಶ್ನೆ ಕೇಳಿದೆವು. ಹೆಚ್ಚಿನವರ ಮನೆಯಲ್ಲಿ ಹಲಗೆಯೇ ಇರಲಿಲ್ಲ. ಇದ್ದ ಕಡೆ ಮಾವನ ಹೆಸರು, ಇಲ್ಲವೇ ಗಂಡನ ಹೆಸರು. ಒಬ್ಬ ಅಜ್ಜಿ ಎದ್ದು ನಿಂತು, "ಮೇಡಂ, ಮನೆ ಕಟ್ಟೋವಾಗ ಕಲ್ಲು ಹೊತ್ತೋಳು ನಾನು. ನನ್ನ ಹೆಸರು ರೇಷನ್ ಕಾರ್ಡಲ್ಲಿ ಬಿಟ್ರೆ ಎಲ್ಲೂ ಇಲ್ಲ" ಅಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕೇಂದ್ರದ ಎದುರಿಗೇ ಬಡಗಿ ಆಚಾರ್ರ ಅಂಗಡಿ. ಅಲ್ಲಿ ಹೊಸದಾಗಿ ಒಂದು ಯಂತ್ರ ಬಂದಿತ್ತು. ಸ್ಕ್ರೋಲ್ ಸಾ ಅಂತ ಅದರ ಹೆಸರು. ಮರದಲ್ಲಿ ಬಳ್ಳಿ, ಹೂವು, ನವಿಲು, ಅಕ್ಷರ ಕತ್ತರಿಸುವ ಗರಗಸ ಅದು. "ಕಲಿಸಿಕೊಡ್ತೀರಾ?" ಅಂತ ಕೇಳಿದೆವು. "ಹೊಲಿಗೆ ಯಂತ್ರ ತುಳಿಯೋಕೆ ಬರ್ತದಾ? ಹಾಗಾದ್ರೆ ಇದೂ ಬರ್ತದೆ" ಅಂದರು ಆಚಾರ್ರು.

ಅವರು ಹೇಳಿದ್ದು ನಿಜ. ಈ ಗರಗಸ ನೋಡಲು ಹೊಲಿಗೆ ಯಂತ್ರದ ತಂಗಿಯ ಹಾಗೇ ಇದೆ. ಮೇಲೊಂದು ತೋಳು, ಕೆಳಗೊಂದು ಮೇಜು. ಸೂಜಿ ಇರುವ ಜಾಗದಲ್ಲಿ ಒಂದು ಬ್ಲೇಡು. ಬ್ಲೇಡು ಸುಮಾರು 5 ಇಂಚು ಉದ್ದ. ಅಗಲ ಮಾತ್ರ ಜೋಳದ ಗರಿಯ ನರದಷ್ಟು. ಕರೆಂಟು ಹಾಕಿದರೆ ಅದು ಸೂಜಿಯಂತೆ ಮೇಲೆ ಕೆಳಗೆ ಆಡುತ್ತದೆ. ಬಟ್ಟೆಯನ್ನು ಎರಡೂ ಕೈಯಿಂದ ತಿರುಗಿಸುತ್ತೀರಲ್ಲ, ಹಾಗೇ ಹಲಗೆಯನ್ನು ತಿರುಗಿಸಬೇಕು. ಬ್ಲೇಡು ನಿಂತಲ್ಲೇ ಇರುತ್ತದೆ. ತಿರುಗುವುದು ಹಲಗೆ.

ಯಂತ್ರ ಇಲ್ಲದವರು ಬೇಜಾರು ಮಾಡಿಕೊಳ್ಳಬೇಡಿ. ಇದೇ ಬ್ಲೇಡನ್ನು ಬಿಲ್ಲಿನಂಥ ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಕೈಯಲ್ಲೇ ಕೊಯ್ಯುವ ಗರಗಸ ಸಿಗುತ್ತದೆ. ಅದಕ್ಕೆ ಫ್ರೆಟ್ ಸಾ ಅನ್ನುತ್ತಾರೆ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ನೋಡಿದ್ದೀರಾ? ಕಪ್ಪು ಮರದ ಹಲಗೆಯಲ್ಲಿ ಆನೆ, ಹಳ್ಳಿ, ದಸರಾ ಮೆರವಣಿಗೆ. ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಇಂಥ ಸಣ್ಣ ಗರಗಸದಿಂದ ಕೊಯ್ದು, ಬೀಟೆ ಹಲಗೆಯಲ್ಲಿ ಗುಳಿ ಮಾಡಿ ಕೂರಿಸುತ್ತಾರೆ. ಬಣ್ಣ ಬಳಿದದ್ದಲ್ಲ, ಅದು ಮರದ್ದೇ ಬಣ್ಣ. ಹಿಂದೆ ದಂತದ ಚೂರನ್ನೂ ಕೂರಿಸುತ್ತಿದ್ದರು. ದಂತದ ವ್ಯಾಪಾರಕ್ಕೆ ನಿಷೇಧ ಬಂದ ಮೇಲೆ ಅದು ನಿಂತಿತು. ನಮ್ಮ ಹಲಗೆ ಅಷ್ಟು ದೊಡ್ಡ ಕೆಲಸವಲ್ಲ. ಅಕ್ಷರ ಕೊಯ್ದು ಹಲಗೆಯ ಮೇಲೆ ಅಂಟಿಸಿದರೆ ಸಾಕು.

ಮೊದಲು ಮರದ ಮಾತು

ಅಕ್ಷರಕ್ಕೆ ಕಾಲು ಇಂಚು ದಪ್ಪದ ಪ್ಲೈವುಡ್ ಒಳ್ಳೆಯದು. ಯಾಕೆ ಗೊತ್ತಾ? ಸೌದೆ ಸೀಳಿ ನಿಮಗೆ ಅಭ್ಯಾಸ ಇದೆ. ಮರ ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಸೀಳುವುದಿಲ್ಲ. ಅಕ್ಷರದಲ್ಲಿ ತೆಳ್ಳನೆ ಬಾಲ, ಕೊಂಬು ಇರುತ್ತವೆ. ಬರೀ ಮರದಲ್ಲಿ ಕೊಯ್ದರೆ ಅವು ಎಳೆ ಹಿಡಿದು ಪಟ್ ಅಂತ ಮುರಿಯುತ್ತವೆ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕೆ, ಅದರ ಕೆಳಗಿನದು ಅಡ್ಡಕ್ಕೆ ಇರುತ್ತದೆ. ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೇಲೆ ಸಾಗುವಾನಿ ಪದರ ಇರುವ ಪ್ಲೈವುಡ್ ಸಿಕ್ಕರೆ ಅಕ್ಷರ ಕಂದು ಬಣ್ಣಕ್ಕೆ ಚೆಂದ ಕಾಣುತ್ತದೆ. ಹಿಂದಿನ ಹಲಗೆಗೆ ಬಿಳುಪಾದ ಮರ ಇರಲಿ, ಅರ್ಧ ಇಂಚು ದಪ್ಪ. ಬಡಗಿ ಅಂಗಡಿಯಲ್ಲಿ ಉಳಿದ ತುಂಡುಗಳೇ ಸಾಕು, ಕೇಳಿ ತನ್ನಿ. ಅದಕ್ಕಾಗಿ ಮರ ಕಡಿಯಬೇಡಿ. ಬೀಟೆ, ಸಾಗುವಾನಿ, ಗಂಧದ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಹಸಿ ಮರ ಮಾತ್ರ ಬೇಡವೇ ಬೇಡ. ನಾವು ಮಾಡಿದ ಮೊದಲನೇ ಹಲಗೆ ಹಲಸಿನದು. ಸರಿಯಾಗಿ ಒಣಗಿರಲಿಲ್ಲ. ಸಾಲದ್ದಕ್ಕೆ ಮುಂದಿನ ಮುಖಕ್ಕೆ ಮಾತ್ರ ಪಾಲಿಶ್ ಹೊಡೆದೆವು. ಹಿಂದೆ ಯಾರು ನೋಡುತ್ತಾರೆ ಅಂತ ಬಿಟ್ಟೆವು. ಒಂದು ತಿಂಗಳಿಗೆ ಹಲಗೆ ಹಪ್ಪಳದ ಹಾಗೆ ಬಾಗಿತು. ಪಾಲಿಶ್ ಇಲ್ಲದ ಕಡೆ ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಪಾಲಿಶ್ ಇರುವ ಕಡೆ ಅಷ್ಟು ಆಗುವುದಿಲ್ಲ. ಎರಡು ಮುಖ ಎರಡು ದಾರಿ ಹಿಡಿದರೆ ಹಲಗೆ ಬಾಗದೆ ಇನ್ನೇನು ಮಾಡೀತು? ಆದ್ದರಿಂದ ಹಿಂದೆ ಮುಂದೆ ಎರಡೂ ಕಡೆ ಪಾಲಿಶ್ ಹೊಡೆಯಬೇಕು. ಇದನ್ನು ನಾವು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ, ಹಲಗೆ ಕೆಟ್ಟ ಮೇಲೆ ಕಲಿತೆವು.

ಹೆಸರು ಬರೆಯುವುದು

ರತ್ನಮ್ಮ ಎಂಬ ಹೆಸರು ತೆಗೆದುಕೊಳ್ಳೋಣ. ಕಾಗದದ ಮೇಲೆ ಎರಡು ಇಂಚು ಎತ್ತರಕ್ಕೆ ದಪ್ಪವಾಗಿ ಬರೆಯಿರಿ. ಗೆರೆಯ ಅಗಲ ಕಿರುಬೆರಳಿನ ಅಗಲಕ್ಕಿಂತ ಕಡಿಮೆ ಬೇಡ. ಸಣ್ಣಗಾದರೆ ಮುರಿಯುತ್ತದೆ.

ಈಗ ಅಕ್ಷರಗಳನ್ನು ಸರಿಯಾಗಿ ನೋಡಿ. ರ ಅಕ್ಷರದ ನಡುವೆ ಒಂದು ಗುಂಡನೆ ಖಾಲಿ ಜಾಗ ಇದೆ. ಅದನ್ನು ಒಳಗಿನಿಂದ ಕೊಯ್ದು ತೆಗೆಯಬೇಕು. ತ ಕೆಳಗೆ ನ ಒತ್ತು, ಮ ಕೆಳಗೆ ಮ ಒತ್ತು. ಒತ್ತು ಮೇಲಿನ ಅಕ್ಷರಕ್ಕೆ ತಾಗಿಕೊಂಡಿರುವುದಿಲ್ಲ. ಕೊಯ್ದಾಗ ಅದು ಬೇರೆ ತುಂಡಾಗಿ ಬೀಳುತ್ತದೆ. ಬರೆಯುವಾಗ ನಾವು ಇದನ್ನು ಗಮನಿಸಿಯೇ ಇರಲಿಲ್ಲ. ಗರಗಸ ಹಿಡಿದಾಗ ಕನ್ನಡ ಅಕ್ಷರದ ಒಂದೊಂದು ತಿರುವೂ ಕೈಗೆ ಗೊತ್ತಾಯಿತು.

ಠ ಅಕ್ಷರ ಇದ್ದರೆ ಇನ್ನೂ ಎಚ್ಚರ. ನಡುವಿನ ಚುಕ್ಕಿಯೂ ಬೇರೆ ಬೀಳುತ್ತದೆ. ಅದು ಕಳೆದರೆ ಠ ಹೋಗಿ ರ ಆಗುತ್ತದೆ. ವಿಠಲಮ್ಮ ಅನ್ನುವವರು ವಿರಲಮ್ಮ ಆಗಿಬಿಡುತ್ತಾರೆ!

ಬರೆದ ಕಾಗದವನ್ನು ಪ್ಲೈವುಡ್ ಮೇಲೆ ಗೋಂದು ಹಚ್ಚಿ ಅಂಟಿಸಿ. ಅದರ ಮೇಲೆ ಪಾರ್ಸೆಲ್ಲಿಗೆ ಸುತ್ತುವ ಅಗಲ ಟೇಪು ಅಂಟಿಸಿದರೆ ಬ್ಲೇಡು ಸಲೀಸಾಗಿ ಓಡುತ್ತದೆ, ಮರ ಸುಡುವುದು ಕಡಿಮೆ.

ಕೊಯ್ಯುವುದು

ಕೂರುವ ಮೊದಲು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಜಡೆ ಕಟ್ಟಿ ಹಿಂದೆ ಹಾಕಿ. ಬಳೆ ತೆಗೆದಿಡಿ. ತಾಳಿ ಸರವನ್ನು ರವಿಕೆಯೊಳಗೆ ಹಾಕಿ. ಮೂಗಿಗೆ ಮಾಸ್ಕ್ ಕಟ್ಟಿ. ಇದನ್ನು ಶೋಕಿಗೆ ಹೇಳುತ್ತಿಲ್ಲ. ಮರದ ಸಣ್ಣ ದೂಳು ಕೆಮ್ಮು, ದಮ್ಮು ತರುತ್ತದೆ. ಬೀಟೆ ದೂಳು ಕೆಲವರಿಗೆ ಮೈ ತುರಿಕೆ ತರುತ್ತದೆ. ಗಟ್ಟಿ ಮರದ ದೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಮೂಗಿನ ಕ್ಯಾನ್ಸರ್ ಬರುವ ಅಪಾಯವೂ ಉಂಟು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಈ ಕೆಲಸ ಮಾಡಬಾರದು.

ಬ್ಲೇಡಿನ ಹಲ್ಲು ಕೆಳಮುಖವಾಗಿ ಇರಬೇಕು. ಬೆರಳಿಂದ ಮೆಲ್ಲಗೆ ಸವರಿ ನೋಡಿದರೆ ತಿಳಿಯುತ್ತದೆ. ತಲೆಕೆಳಗಾಗಿ ಹಾಕಿದರೆ ಹಲಗೆ ಎಗರಿ ಎಗರಿ ಬೀಳುತ್ತದೆ. ಆಮೇಲೆ ಬ್ಲೇಡನ್ನು ಬಿಗಿ ಮಾಡಿ ಮೀಟಿ ನೋಡಿ. ತಂಬೂರಿ ತಂತಿಯಂತೆ ಟಿಂಗ್ ಅನ್ನಬೇಕು. ಡಬ್ ಅಂದರೆ ಸಡಿಲ. ಬ್ಲೇಡು ಹಾಕುವಾಗ, ಮೀಟುವಾಗ ಕರೆಂಟಿನ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆರಿಸಿದ್ದೇನೆ ಅಂದರೆ ಸಾಲದು.

ಮೊದಲು ಒಳಗಿನ ತೂತು, ಆಮೇಲೆ ಹೊರಗಿನ ಗೆರೆ. ಹೊರಗಡೆ ಮೊದಲು ಕೊಯ್ದರೆ ಅಕ್ಷರ ಪುಟ್ಟದಾಗಿ ಕೈಗೆ ಸಿಗುವುದಿಲ್ಲ, ಬೆರಳು ಬ್ಲೇಡಿನ ಹತ್ತಿರ ಹೋಗುತ್ತದೆ. ರ ನಡುವೆ ಡ್ರಿಲ್ಲಿನಿಂದ ಒಂದು ಸಣ್ಣ ತೂತು ಹಾಕಿ. ಬ್ಲೇಡಿನ ಮೇಲಿನ ತುದಿ ಬಿಚ್ಚಿ, ಸೂಜಿಗೆ ಮಣಿ ಪೋಣಿಸುವ ಹಾಗೆ ಹಲಗೆಯ ತೂತನ್ನು ಬ್ಲೇಡಿಗೆ ಪೋಣಿಸಿ. ಮತ್ತೆ ತುದಿ ಸಿಕ್ಕಿಸಿ ಬಿಗಿ ಮಾಡಿ. ಈಗ ಒಳಗೆ ಸುತ್ತಲೂ ಕೊಯ್ಯಬಹುದು.

ಅವಸರ ಬೇಡ. ಹಲಗೆಯನ್ನು ನೂಕಬೇಡಿ. ಬ್ಲೇಡು ತಾನೇ ತಿನ್ನಲಿ, ನೀವು ಬಡಿಸುತ್ತಾ ಹೋಗಿ. ನೂಕಿದರೆ ಬ್ಲೇಡು ಬಾಗುತ್ತದೆ, ಆಮೇಲೆ ಟಪ್ ಅಂತ ತುಂಡಾಗುತ್ತದೆ. ಮೊದಲ ದಿನ ನಮ್ಮ ಕೈಯಲ್ಲಿ ಆರು ಬ್ಲೇಡು ಹೋದವು. ಆಚಾರ್ರು ಏನೂ ಅನ್ನಲಿಲ್ಲ, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡರು. ಇನ್ನೊಂದು ಮಾತು. ಹಲಗೆಯನ್ನು ನೇರವಾಗಿ ಕೊಟ್ಟರೂ ಗೆರೆ ಒಂದು ಕಡೆಗೆ ಸರಿಯುತ್ತದೆ. ಅದು ನಿಮ್ಮ ತಪ್ಪಲ್ಲ. ಬ್ಲೇಡು ತಯಾರಿಸುವಾಗ ಅದರ ಒಂದು ಅಂಚು ಸ್ವಲ್ಪ ಒರಟಾಗಿ ಉಳಿಯುತ್ತದೆ. ಆ ಕಡೆ ಹೆಚ್ಚು ಕೊಯ್ಯುತ್ತದೆ. ಹಲಗೆಯನ್ನು ಕೊಂಚ ಓರೆ ಹಿಡಿದು ಕೊಟ್ಟರೆ ಗೆರೆ ಸರಿ ಬರುತ್ತದೆ. ಬೇಡದ ತುಂಡಿನ ಮೇಲೆ ಎರಡು ದಿನ ಕೈ ಕೂರಿಸಿಕೊಳ್ಳಿ.

ಒತ್ತುಗಳನ್ನು ಕೊಯ್ಯುವಾಗ ಪಕ್ಕದಲ್ಲೊಂದು ತಟ್ಟೆ ಇಟ್ಟುಕೊಳ್ಳಿ. ನಮ್ಮಲ್ಲಿ ಒಂದು ಮ ಒತ್ತು ಯಂತ್ರದ ಮೇಜಿನ ತೂತಿನಿಂದ ಜಾರಿ ದೂಳಿನಲ್ಲಿ ಬಿತ್ತು. ರತ್ನಮ್ಮ ಹೋಗಿ ರತ್ನಮ ಆಯಿತು. ಕೊನೆಗೆ ಜರಡಿ ತಂದು ಮರದ ಹೊಟ್ಟನ್ನೆಲ್ಲ ಹಿಟ್ಟಿನ ಹಾಗೆ ಜರಡಿ ಹಿಡಿದೆವು. ಸಿಕ್ಕಿತು!

ಉಜ್ಜುವುದು, ಅಂಟಿಸುವುದು

ಕೊಯ್ದ ಅಂಚು ಒರಟಾಗಿರುತ್ತದೆ. ಉಪ್ಪು ಕಾಗದದಿಂದ ಉಜ್ಜಬೇಕು. ಕಾಗದದ ಹಿಂದೆ ನಂಬರು ಬರೆದಿರುತ್ತದೆ, ಓದಿ ನೋಡಿ. ನಂಬರು ಹೆಚ್ಚಾದಷ್ಟೂ ಕಾಗದ ನುಣುಪು. ಮೊದಲು 120, ಆಮೇಲೆ 220. ಎಳೆಯ ಉದ್ದಕ್ಕೇ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ಗೀರು ಬೀಳುತ್ತದೆ, ಪಾಲಿಶ್ ಹೊಡೆದ ಮೇಲೆ ಆ ಗೀರು ಎದ್ದು ಕಾಣುತ್ತದೆ. ಪ್ಲೈವುಡ್ಡಿನ ಮೇಲಿನ ಪದರ ಬಹಳ ತೆಳು, ಹೆಚ್ಚು ಉಜ್ಜಿ ಅದನ್ನೇ ಕಳೆದುಕೊಳ್ಳಬೇಡಿ.

ಹಿಂದಿನ ಹಲಗೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಅಕ್ಷರಗಳನ್ನು ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ಓದಿ. ಪಕ್ಕದವರಿಂದಲೂ ಓದಿಸಿ. ಸರಿ ಇದ್ದರೆ ಫೆವಿಕಾಲ್ ಹಚ್ಚಿ ಅಂಟಿಸಿ. ಹೊರಗೆ ಚೆಲ್ಲಿದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿಬಿಡಿ. ಅಂಟು ಒಣಗಿದ ಜಾಗಕ್ಕೆ ಪಾಲಿಶ್ ಹಿಡಿಯುವುದಿಲ್ಲ, ಬಿಳಿ ತೊನ್ನಿನಂತೆ ಕಾಣುತ್ತದೆ. ಮೇಲೊಂದು ಹಲಗೆ ಇಟ್ಟು, ಅದರ ಮೇಲೆ ರುಬ್ಬು ಗುಂಡು ಇಟ್ಟು ರಾತ್ರಿ ಪೂರ್ತಿ ಬಿಡಿ.

ಪಾಲಿಶ್

ಬಡಗಿಗಳು ಹಚ್ಚುವ ಫ್ರೆಂಚ್ ಪಾಲಿಶ್ ಅಂದರೆ ಏನು? ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು, ಅಷ್ಟೇ. ಅರಗು ಮುತ್ತುಗ, ಬೋರೆಯಂಥ ಮರಗಳ ಕೊಂಬೆಯ ಮೇಲೆ ಒಂದು ಸಣ್ಣ ಹುಳು ಮಾಡುವ ಅಂಟು. ಚನ್ನಪಟ್ಟಣದ ಬೊಂಬೆಗಳ ಹೊಳಪಿಗೂ ಅದೇ ಅರಗು. ಅರಗಿನ ಪಾಲಿಶ್ ಮನೆಯೊಳಗಿನ ಹಲಗೆಗೆ ಚೆನ್ನ. ನೀರು ಬಿದ್ದರೆ ಬೆಳ್ಳಗಾಗುತ್ತದೆ. ಆದ್ದರಿಂದ ಹೊರಬಾಗಿಲಿಗೆ ಹಾಕುವ ಹಲಗೆಗೆ ವಾರ್ನಿಷ್ ಹಚ್ಚಿ.

ಯಾವುದಾದರೂ ಸರಿ, ತೆಳ್ಳಗೆ ಮೂರು ಸಲ ಹಚ್ಚಬೇಕು. ದಪ್ಪಗೆ ಒಂದೇ ಸಲ ಬಳಿದರೆ ಕಣ್ಣೀರು ಇಳಿದ ಹಾಗೆ ಗೆರೆ ಬೀಳುತ್ತದೆ. ಒಂದು ಸಲದ್ದು ಪೂರ್ತಿ ಒಣಗಿದ ಮೇಲೆ ನುಣುಪು ಕಾಗದದಿಂದ ಮೆಲ್ಲಗೆ ಉಜ್ಜಿ, ದೂಳು ಒರೆಸಿ, ಆಮೇಲೆ ಇನ್ನೊಂದು ಸಲ. ಮಳೆ ಹಿಡಿದ ದಿನ ಅರಗಿನ ಪಾಲಿಶ್ ಹಚ್ಚಬೇಡಿ. ಗಾಳಿಯ ತೇವಕ್ಕೆ ಅದು ಹಾಲಿನಂತೆ ಮಬ್ಬಾಗುತ್ತದೆ.

ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ. ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಇರಬಾರದು. ಅದು ವಿಷ ಕೂಡ. ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ, ಮಕ್ಕಳು ಕುಡಿದಾರು. ಕೆಲವರು ಬಣ್ಣದಂಗಡಿಯ ಅಗಸೆ ಎಣ್ಣೆ ಹಚ್ಚುತ್ತಾರೆ. ಅದೂ ಚೆನ್ನ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಮುದುರಿದ ಬಟ್ಟೆಯೊಳಗೆ ಆ ಬಿಸಿ ಕೂಡಿ, ಯಾರೂ ಕಡ್ಡಿ ಗೀರದಿದ್ದರೂ ತಾನೇ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಬಣ್ಣ ಹಚ್ಚುವುದಾದರೆ ಡಬ್ಬಿಯ ಮೇಲಿನ ಬರಹ ಓದಿ. ಬಣ್ಣದಲ್ಲಿ ಸೀಸ ಇದ್ದರೆ ಮಕ್ಕಳ ಬುದ್ಧಿಗೆ ಕೇಡು. ಮನೆಗೆ ಹಚ್ಚುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು ಎಂದು 2017ರಿಂದ ಕಾನೂನು ಇದೆ. ಹೆಸರಿಲ್ಲದ ಡಬ್ಬಿಯ ಬಣ್ಣ ತರಬೇಡಿ.

ಬೆಲೆ ಹಾಕುವುದು

ನಮ್ಮವರು ಸೋಲುವುದು ಇಲ್ಲೇ. ಲೆಕ್ಕ ಮಾಡೋಣ. ಇವು ಲೆಕ್ಕ ಕಲಿಯಲು ಹಾಕಿದ ಅಂಕಿ, ನಿಮ್ಮೂರಿನ ಬೆಲೆ ನೀವು ಹಾಕಿಕೊಳ್ಳಿ. ಹಲಗೆಗೆ 50 ರೂಪಾಯಿ, ಅಕ್ಷರದ ಪ್ಲೈವುಡ್ಡಿಗೆ 30, ಬ್ಲೇಡಿಗೆ 15, ಅಂಟು, ಕಾಗದ, ಪಾಲಿಶ್ ಸೇರಿ 35, ಕರೆಂಟು ಮತ್ತು ಯಂತ್ರದ ಬಾಡಿಗೆ 20. ಒಟ್ಟು 150 ರೂಪಾಯಿ. ಅಂಗಡಿಯವರು "180 ಕೊಡ್ತೀನಮ್ಮ, 30 ರೂಪಾಯಿ ಲಾಭ ಬಂತಲ್ಲ" ಅನ್ನುತ್ತಾರೆ. ಲಾಭ ಎಲ್ಲಿ ಬಂತು? ಹಲಗೆಗೆ ನೀವು ನಾಲ್ಕು ಗಂಟೆ ಕೂತಿದ್ದೀರಿ. 30ನ್ನು 4ರಿಂದ ಭಾಗಿಸಿ. ಗಂಟೆಗೆ ಏಳೂವರೆ ರೂಪಾಯಿ! ಗಂಟೆಗೆ 50 ಅಂತ ಹಿಡಿದರೂ ನಿಮ್ಮ ಕೂಲಿಯೇ 200. ಹಲಗೆಯ ಬೆಲೆ 350 ಆಗಬೇಕು. ಅಷ್ಟು ಕೊಡುವವರು ಸಿಗದಿದ್ದರೆ ಸಮಯ ಉಳಿಸುವ ದಾರಿ ನೋಡಿ. ಎರಡು ಮೂರು ಪ್ಲೈವುಡ್ಡನ್ನು ಒಂದರ ಮೇಲೊಂದು ಟೇಪಿನಿಂದ ಬಿಗಿದು ಕೊಯ್ದರೆ ಒಂದೇ ಸಲಕ್ಕೆ ಮೂರು ಹೂವು, ಮೂರು ನವಿಲು ಬರುತ್ತವೆ. ಹೆಸರಿಗೆ ಇದು ಆಗುವುದಿಲ್ಲ. ಶುಭ ಲಾಭ, ಸುಸ್ವಾಗತ ಅನ್ನುವ ಹಲಗೆಗೆ ಆಗುತ್ತದೆ.

ಮೊದಲು ಹೇಳಿದ ಅಜ್ಜಿ ತಮ್ಮ ಹೆಸರನ್ನು ತಾವೇ ಬರೆದರು. ಕೊಯ್ಯಲು ಕೈ ನಡುಗುತ್ತದೆ ಅಂತ ಸೊಸೆ ಕೊಯ್ದಳು. ಉಜ್ಜಿದ್ದು ಮಾತ್ರ ಅಜ್ಜಿಯೇ, ಮೂರು ಸಂಜೆ. ಹಲಗೆ ಬಾಗಿಲ ಪಕ್ಕ ಬಂದ ದಿನ ತಾತ ಸುಮ್ಮನೆ ನೋಡಿ ಒಳಗೆ ಹೋದರು. ಮಾರನೇ ದಿನ ಬಂದು, "ಮೇಡಂ, ನನ್ನದೂ ಒಂದು ಮಾಡ್ಕೊಡೋಕೆ ಎಷ್ಟಾಗ್ತದೆ?" ಅಂತ ಕೇಳಿದರು. ಅಜ್ಜಿಯನ್ನೇ ಕೇಳಿ ಅಂದೆವು. ಅಜ್ಜಿ ಹೇಳಿದ ಬೆಲೆ 350.

ಹಲಗೆ ತೂಗು ಹಾಕಲು ಹಿಂದೆ ಎರಡು ಕಡೆ ಸ್ಕ್ರೂ ಹಾಕಿ, ಒಂದೇ ಕಡೆ ಹಾಕಿದರೆ ಗಾಳಿಗೆ ವಾಲುತ್ತದೆ. ಮಳೆ ನೇರವಾಗಿ ಹೊಡೆಯದ ಜಾಗ ನೋಡಿ. ಹೊಳಪು ಮಾಸಿದರೆ ನುಣುಪು ಕಾಗದದಿಂದ ಒಮ್ಮೆ ಉಜ್ಜಿ ಮತ್ತೊಂದು ಸಲ ವಾರ್ನಿಷ್ ಹಚ್ಚಿದರೆ ಆಯಿತು.