ಗಿಡ್ಡಗಿರುವುದೇ ಅರ್ಹತೆ

2022ರ ಸೆಪ್ಟೆಂಬರ್ 19. ರಾಣಿ ಎರಡನೇ ಎಲಿಜಬೆತ್ ಅವರ ಅಂತಿಮಯಾತ್ರೆ ವಿಂಡ್ಸರ್ ಕೋಟೆಯತ್ತ ಸಾಗುತ್ತಿದ್ದಾಗ ದಾರಿಯ ಪಕ್ಕದ ಹುಲ್ಲಿನ ಮೇಲೆ ಕಪ್ಪನೆಯ ಗಿಡ್ಡ ಕುದುರೆಯೊಂದು ನಿಂತಿತ್ತು. ಜೀನಿನ ಮೇಲೆ ರಾಣಿ ತಲೆಗೆ ಕಟ್ಟಿಕೊಳ್ಳುತ್ತಿದ್ದ ವಸ್ತ್ರ. ಟಿ.ವಿ.ಯಲ್ಲಿ ನೋಡಿದ ಜಗತ್ತಿಗೆ ಅದು ಬರೀ ‘ಎಮ್ಮಾ’. ದಾಖಲೆಯಲ್ಲಿ ಮಾತ್ರ ಅದರ ಪೂರ್ತಿ ಹೆಸರು ‘ಕಾರ್ಲ್ಟನ್‌ಲಿಮಾ ಎಮ್ಮಾ’. ನಮ್ಮ ಸಂಗೀತಗಾರರ ಹೆಸರಿಗೆ ಊರು ಅಂಟಿಕೊಂಡು ಬರುವ ಹಾಗೆ, ಅಲ್ಲಿ ಕುದುರೆಯ ಹೆಸರಿಗೆ ಅದನ್ನು ಹುಟ್ಟಿಸಿ ಬೆಳೆಸಿದ ಮನೆಯ ಹೆಸರು ಅಂಟಿಕೊಂಡಿರುತ್ತದೆ. ರಾಣಿಯವರ ಮನೆಯಲ್ಲೇ ಹುಟ್ಟಿದ ಹೈಲ್ಯಾಂಡ್ ಕುದುರೆಗಳ ಹೆಸರೆಲ್ಲ ‘ಬಾಲ್ಮೊರಲ್’ ಎಂದೇ ಶುರುವಾಗುತ್ತವೆ.

ಎಮ್ಮಾ ಫೆಲ್ ತಳಿಯದು. ಫೆಲ್, ಡೇಲ್ಸ್, ಹೈಲ್ಯಾಂಡ್, ಶೆಟ್ಲೆಂಡ್, ಎಕ್ಸ್‌ಮೂರ್, ಡಾರ್ಟ್‌ಮೂರ್, ನ್ಯೂ ಫಾರೆಸ್ಟ್, ವೆಲ್ಷ್, ಐರ್ಲೆಂಡಿನ ಕಾನಮಾರಾ – ಇವು ಅಲ್ಲಿನ ಬೆಟ್ಟಬಯಲುಗಳ ನಾಟಿ ತಳಿಗಳು. ‘ಮೌಂಟನ್ ಅಂಡ್ ಮೂರ್‌ಲ್ಯಾಂಡ್’ ಎಂಬ ಹೆಸರಿನಲ್ಲಿ ಇವಕ್ಕೆಂದೇ ಪ್ರದರ್ಶನ ಸ್ಪರ್ಧೆಗಳು ನಡೆಯುತ್ತವೆ. ಬರ್ಮಿಂಗ್‌ಹ್ಯಾಮಿನಲ್ಲಿ ಅಕ್ಟೋಬರ್‌ನಲ್ಲಿ ನಡೆಯುವ ‘ಹಾರ್ಸ್ ಆಫ್ ದಿ ಇಯರ್ ಶೋ’ ತಲುಪುವುದು ಸಾಕಿದವರ ಬಹುದಿನದ ಕನಸು. ಅದಕ್ಕೂ ಮೊದಲು ದಾಟಬೇಕಾದ ಹೊಸ್ತಿಲು ಒಂದಿದೆ: ಕುದುರೆಯ ಹೆಸರು ಅದರ ತಳಿ ಸಂಘದ ವಂಶಾವಳಿ ಪುಸ್ತಕದ ಶುದ್ಧತಳಿ ವಿಭಾಗದಲ್ಲಿ ಇರಲೇಬೇಕು. ಎಷ್ಟೇ ಚೆಂದವಿದ್ದರೂ, ಎಷ್ಟೇ ಚೆನ್ನಾಗಿ ಓಡಿದರೂ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಈ ಅಖಾಡಕ್ಕೆ ಪ್ರವೇಶವಿಲ್ಲ.

ಈ ಮರ್ಯಾದೆ ಈ ಕುದುರೆಗಳಿಗೆ ಸುಲಭವಾಗಿ ಸಿಕ್ಕಿದ್ದಲ್ಲ. ದೊರೆ ಎಂಟನೇ ಹೆನ್ರಿಗೆ ಯುದ್ಧಕ್ಕೆ ಎತ್ತರದ, ಭಾರ ಹೊರುವ ಕುದುರೆಗಳು ಬೇಕಿದ್ದವು. 1540ರ ಕಾಯ್ದೆಯೊಂದು, ಎರಡು ವರ್ಷ ಮೀರಿದ, ಐದು ಅಡಿ ಎತ್ತರವಿಲ್ಲದ ಗಂಡು ಕುದುರೆಯನ್ನು ಹಲವು ಜಿಲ್ಲೆಗಳ ಗೋಮಾಳ, ಕಾಡುಗಳಲ್ಲಿ ಮೇಯಲು ಬಿಡಬಾರದು ಎಂದಿತು. ವರ್ಷಕ್ಕೊಮ್ಮೆ ಹಿಂಡನ್ನು ಅಟ್ಟಿ ತಂದು, ಒಳ್ಳೆಯ ಮರಿ ಹಾಕಲಾರದು ಎನಿಸಿದ್ದನ್ನು ಕೊಲ್ಲಬೇಕೆಂದೂ ಹೇಳಿತು. ಆಳಿದವರ ಕೈ ಎಟುಕದ ಬೆಟ್ಟದ ಮೇಲಿದ್ದವು ಉಳಿದುಕೊಂಡವು. ಇವತ್ತು ಅದೇ ಕುದುರೆಗಳ ವಿಷಯದಲ್ಲಿ ನಿಯಮ ತಿರುವುಮುರುವಾಗಿದೆ. ಎತ್ತರವಾಗಿ ಬೆಳೆದದ್ದೇ ತಪ್ಪು!

ಅಳತೆಯ ಮಾನ ‘ಹ್ಯಾಂಡ್’, ಅಂದರೆ ನಾಲ್ಕು ಅಂಗುಲ. 14.2 ಎಂದು ಬರೆದಿದ್ದರೆ ಅದು ದಶಮಾಂಶವಲ್ಲ, 14 ಹ್ಯಾಂಡ್ ಮತ್ತು 2 ಅಂಗುಲ. ಕತ್ತು ಬೆನ್ನಿಗೆ ಕೂಡುವ ಉಬ್ಬಿನಿಂದ ನೆಲದವರೆಗೆ ಅಳೆಯುತ್ತಾರೆ. ವಯಸ್ಸಿಗೆ ಬಂದ ಶೆಟ್ಲೆಂಡ್ 42 ಅಂಗುಲ ಮೀರುವಂತಿಲ್ಲ. ನಮ್ಮ ಊಟದ ಮೇಜಿಗಿಂತ ಒಂದು ಅಡಿ ಹೆಚ್ಚು, ಅಷ್ಟೆ. ವೆಲ್ಷ್ ‘ಎ’ ವಿಭಾಗಕ್ಕೆ 12 ಹ್ಯಾಂಡ್, ಡಾರ್ಟ್‌ಮೂರ್‌ಗೆ 12.2, ಫೆಲ್‌ಗೆ 14. ನ್ಯೂ ಫಾರೆಸ್ಟ್, ಹೈಲ್ಯಾಂಡ್, ಕಾನಮಾರಾಗಳಿಗೆ 148 ಸೆಂಟಿಮೀಟರ್.

ಒಂದು ಸೆಂಟಿಮೀಟರಿನ ಮೇಲೆ ಬಹುಮಾನವೂ ಬೆಲೆಯೂ ನಿಂತಿರುವಾಗ ಅಳತೆಯಲ್ಲಿ ಕೈಚಳಕ ತೋರುವವರೂ ಇರುತ್ತಾರೆ. ಅದಕ್ಕಾಗಿಯೇ ಬ್ರಿಟನ್ನಿನಲ್ಲಿ ‘ಜಾಯಿಂಟ್ ಮೆಷರ್‌ಮೆಂಟ್ ಬೋರ್ಡ್’ ಇದೆ. ಮಂಡಳಿಯ ಪಟ್ಟಿಯಲ್ಲಿರುವ ಪಶುವೈದ್ಯರು ಲಾಳ ಕಳಚಿದ ಕುದುರೆಯನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ ಅಳೆಯುತ್ತಾರೆ. ಏಳು ವರ್ಷ ತುಂಬುವವರೆಗೆ ವರ್ಷವರ್ಷವೂ ಅಳತೆ. ಆಮೇಲೆ ಸಿಗುವುದು ಜೀವಮಾನದ ಪ್ರಮಾಣಪತ್ರ.

ಅಳತೆಗಿಂತ ಕಠಿಣವಾದದ್ದು ಬಣ್ಣದ ನಿಯಮ. ಎಕ್ಸ್‌ಮೂರ್ ಕುದುರೆಯ ಮೈಮೇಲೆ ಎಲ್ಲಿಯೂ ಬಿಳಿ ಮಚ್ಚೆ ಇರಬಾರದು. ಮೈ ಕಂದು, ಮೂತಿ ಮತ್ತು ಕಣ್ಣಿನ ಸುತ್ತ ಜೋಳದ ಹಿಟ್ಟು ಮೆತ್ತಿದಂಥ ತಿಳಿಬಣ್ಣ. ಶರತ್ಕಾಲದಲ್ಲಿ ಬಯಲಿನ ಹಿಂಡನ್ನು ಹೊಲಮನೆಗೆ ಅಟ್ಟಿಕೊಂಡು ಬಂದಾಗ ಸಂಘದ ತಪಾಸಣೆಗಾರರು ಒಂದೊಂದೇ ಮರಿಯ ಮೈ ಸವರಿ, ಗೊರಸು ಎತ್ತಿ ನೋಡುತ್ತಾರೆ. ತಂದೆತಾಯಿ ಯಾರೆಂಬುದಕ್ಕೆ ಡಿಎನ್‌ಎ ಪರೀಕ್ಷೆ. ಹೊರಗಿನವರಿಗೆ ಇದು ಅತಿಯೆನಿಸಬಹುದು. ಆದರೆ ಎರಡನೇ ಮಹಾಯುದ್ಧ ಮುಗಿದಾಗ ಈ ತಳಿಯಲ್ಲಿ ಉಳಿದಿದ್ದದ್ದು ಸುಮಾರು 50 ಕುದುರೆಗಳು ಮಾತ್ರ. ಕೆಲವು ಮಾಂಸದ ಪಾಲಾಗಿದ್ದವು, ಕೆಲವು ತರಬೇತಿಗೆ ಬಂದ ಸೈನಿಕರ ಗುಂಡಿಗೆ ಗುರಿಯಾಗಿದ್ದವು. ಮೇರಿ ಎದರಿಂಗ್ಟನ್ ಎಂಬ ಮಹಿಳೆ ರೈತರನ್ನು ಹುರಿದುಂಬಿಸಿ, ಬಯಲಿನ ಗೇಟುಗಳನ್ನು ಸರಿಪಡಿಸಿ ಹಿಂಡನ್ನು ಮತ್ತೆ ಕಟ್ಟಲು ದುಡಿದರು. ಬೆರಳೆಣಿಕೆಯ ಕುದುರೆಗಳಿಂದ ಬೆಳೆದ ಕುಲದಲ್ಲಿ ಯಾರ ಮಗಳು ಯಾರಿಗೆ ಎಂಬ ಲೆಕ್ಕ ತಪ್ಪಿದರೆ ತಳಿಯೇ ತಪ್ಪಿದಂತೆ. ಆ ಲೆಕ್ಕವನ್ನು ಉಳಿಸಿದ್ದು ಪುಸ್ತಕ.

ಹಾಗೆಂದು ಬಯಲಿನಲ್ಲಿ ಹುಟ್ಟಿದ್ದೆಲ್ಲ ಶುದ್ಧತಳಿಯೂ ಅಲ್ಲ. ಡಾರ್ಟ್‌ಮೂರ್‌ಗೆ ಹೋದ ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ ಚುಕ್ಕೆಯ, ಬಣ್ಣಬಣ್ಣದ ಕುದುರೆಗಳು ಬೆರಕೆ ತಳಿಯವು. ಅವುಗಳಿಗೆ ‘ಡಾರ್ಟ್‌ಮೂರ್ ಹಿಲ್ ಪೋನಿ’ ಎಂಬ ಬೇರೆಯದೇ ಹೆಸರು. ಅಲ್ಲೇ ತಲೆತಲಾಂತರದಿಂದ ಬದುಕಿದ ಹೆಣ್ಣು ಕುದುರೆಗಳಿಗೆ ಬಾಗಿಲು ಪೂರ್ತಿ ಮುಚ್ಚಬಾರದೆಂದು 1988ರಲ್ಲಿ ತಳಿ ಸಂಘ ಮತ್ತು ಯುವರಾಜನ ಎಸ್ಟೇಟ್ ಆದ ಡಚಿ ಆಫ್ ಕಾರ್ನ್‌ವಾಲ್ ಸೇರಿ ಯೋಜನೆಯೊಂದನ್ನು ತಂದವು. ಆಯ್ದ ಹೆಣ್ಣು ಕುದುರೆಗಳನ್ನು ನೋಂದಾಯಿತ ಗಂಡಿನೊಡನೆ ಬಿಟ್ಟು, ತಲೆಮಾರಿನಿಂದ ತಲೆಮಾರಿಗೆ ಅವುಗಳ ಸಂತತಿಯನ್ನು ಪುಸ್ತಕದತ್ತ ತರುವ ಏರ್ಪಾಡು ಅದು. ನಿಯಮ ಬಿಗಿಯಾಗಿದ್ದೂ ದಾರಿ ಬಿಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ತಳಿ ಸಂಘದ ದಾಖಲೆಯಲ್ಲದೆ ಸರ್ಕಾರಿ ಕಾಗದವೂ ಬೇಕು. ಪ್ರದರ್ಶನಕ್ಕೆ ಬರುವ ಪ್ರತಿ ಕುದುರೆಗೂ ಪಾಸ್‌ಪೋರ್ಟ್ ಕಡ್ಡಾಯ. 2020ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಎಲ್ಲ ವಯಸ್ಸಿನ ಸಾಕುಕುದುರೆಗಳ ಕತ್ತಿನಲ್ಲೂ ಮೈಕ್ರೋಚಿಪ್ ಇರಬೇಕು. ಪಾಸ್‌ಪೋರ್ಟಿನ ಒಂದು ಪುಟದಲ್ಲಿ ಕುದುರೆಯ ರೇಖಾಚಿತ್ರವಿದ್ದು, ಮಚ್ಚೆಗಳ ಜೊತೆಗೆ ಸುಳಿಗಳನ್ನೂ ಗುರುತು ಹಾಕಿರುತ್ತಾರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳುವವರು ಶುಭಾಶುಭಕ್ಕೆ ಸುಳಿ ನೋಡುತ್ತಾರೆ; ಅಲ್ಲಿ ಗುರುತಿಗೆ. ಸುಳಿ ಪ್ರಾಣಿಯಿಂದ ಪ್ರಾಣಿಗೆ ಬೇರೆಯಾಗಿರುತ್ತದೆ ಎಂಬ ತಿಳಿವಳಿಕೆ ಎರಡು ಕಡೆಯೂ ಇದೆ.

ಲಸಿಕೆಯ ಪುಟವೂ ಅಷ್ಟೇ ಮುಖ್ಯ. 2019ರ ಫೆಬ್ರುವರಿಯಲ್ಲಿ ಕುದುರೆ ಜ್ವರ ಹಬ್ಬಿ ಬ್ರಿಟನ್ನಿನ ರೇಸುಗಳೇ ಆರು ದಿನ ನಿಂತಿದ್ದವು. ದೊಡ್ಡ ಪ್ರದರ್ಶನಗಳಲ್ಲಿ ಲಸಿಕೆಯ ದಾಖಲೆ ಇಲ್ಲದ ಕುದುರೆಯನ್ನು ಬಾಗಿಲಲ್ಲೇ ವಾಪಸು ಕಳಿಸುತ್ತಾರೆ. ಮಾಲೀಕರು, ಸವಾರರು ಸಂಬಂಧಪಟ್ಟ ಸಂಸ್ಥೆಗಳ ಸದಸ್ಯರಾಗಿರಬೇಕು. ಸವಾರಿ ವಿಭಾಗಕ್ಕೆ ಕುದುರೆಗೆ ನಾಲ್ಕು ವರ್ಷ ತುಂಬಿರಬೇಕು.

ಇಷ್ಟೆಲ್ಲ ದಾಟಿ ಅಖಾಡಕ್ಕಿಳಿದ ಕುದುರೆಗೆ ಅಲಂಕಾರವಿಲ್ಲ. ಬೇರೆ ವಿಭಾಗಗಳಲ್ಲಿ ಹೆಣೆಯುವ ಕೇಸರವನ್ನು ಇಲ್ಲಿ ಬಿಚ್ಚಿಯೇ ಬಿಡಬೇಕು. ಬೆಟ್ಟದ ಕುದುರೆ ಬೆಟ್ಟದ ಕುದುರೆಯಂತೆಯೇ ಕಾಣಬೇಕು. ಬಡ ಹುಲ್ಲಿನಲ್ಲಿ ಬದುಕುವ ಈ ತಳಿಗಳನ್ನು ಹೊಳಪಿಗೆಂದು ಕೊಬ್ಬಿಸುವ ಚಾಳಿ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಕೊಬ್ಬಿದ ಕುದುರೆಗೆ ಗೊರಸಿನೊಳಗೆ ಉರಿಯೂತ ಬಂದರೆ ಅದು ಹೆಜ್ಜೆ ಹೆಜ್ಜೆಗೂ ನರಳುತ್ತದೆ. ಎತ್ತರಕ್ಕೆ ಇರುವಷ್ಟು ಬಿಗಿಯಾದ ನಿಯಮ ತೂಕಕ್ಕೂ ಬರಬೇಕು.

ಈ ತಳಿಗಳ ಹಿತ ಕಾಯುವ ನ್ಯಾಷನಲ್ ಪೋನಿ ಸೊಸೈಟಿ 1893ರಲ್ಲಿ ಹುಟ್ಟಿದ್ದು ಪೋಲೊ ಆಟದ ಕುದುರೆಗಳ ತಳಿ ಬೆಳೆಸುವ ಉದ್ದೇಶದಿಂದ. ಇಂಗ್ಲಿಷರು ಆ ಆಟ ಕಲಿತದ್ದು ನಮ್ಮ ಮಣಿಪುರಿಗಳಿಂದ, ಅವರ ಗಿಡ್ಡ ಕುದುರೆಗಳ ಬೆನ್ನ ಮೇಲೆ. ನಮ್ಮಲ್ಲೂ ಈಗ ಮಣಿಪುರಿ, ಝನ್ಸ್ಕಾರಿ, ಸ್ಪಿತಿ, ಮಾರ್ವಾರಿ, ಕಾಠಿಯಾವಾಡಿ ತಳಿಗಳಿಗೆ ರಾಷ್ಟ್ರೀಯ ಮಾನ್ಯತೆಯಿದೆ. ಇತ್ತೀಚೆಗೆ ಆ ಪಟ್ಟಿಗೆ ಸೇರಿದ ಮಹಾರಾಷ್ಟ್ರದ ತಳಿಯ ಹೆಸರು ಭೀಮಥಡಿ. ಭೀಮಾ ನದಿಯ ತಡಿ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಭೀಮೆ ವಿಜಯಪುರ, ಕಲಬುರಗಿಗಳನ್ನೂ ಮುಟ್ಟಿ ಹರಿಯುತ್ತಾಳೆ. ಉತ್ತರ ಕರ್ನಾಟಕದ ಕುರಿಗಾಹಿಗಳು ಇಂದಿಗೂ ಹಿಂಡಿನ ಜೊತೆ ವಲಸೆ ಹೋಗುವಾಗ ಅಡುಗೆ ಪಾತ್ರೆ, ಕಂಬಳಿ, ಎಳೆಯ ಮರಿಗಳನ್ನು ಗಿಡ್ಡ ಕುದುರೆಗಳ ಮೇಲೆ ಹೇರುತ್ತಾರೆ. ಆ ಕುದುರೆಗಳ ತಾಯಿ ಯಾವುದು, ತಂದೆ ಯಾವುದು, ಎತ್ತರವೆಷ್ಟು ಎಂದು ನಮ್ಮ ಪಶುವೈದ್ಯ ಕಾಲೇಜುಗಳ ವಿದ್ಯಾರ್ಥಿಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ತೊಡಗಲಿ. ಕೇಳಿದರೆ ನೆನಪಿನಿಂದ ಹೇಳಬಲ್ಲ ಹಿರಿಯರು ಇನ್ನೂ ಹಟ್ಟಿಗಳಲ್ಲಿದ್ದಾರೆ.