ಗಾಲಿಗಳ ಮೇಲಿನ ಮನೆ: ವಿದೇಶದಲ್ಲಿ ಮೊದಲ ಕ್ಯಾರವಾನ್ ಪ್ರವಾಸಕ್ಕೆ ಸಿದ್ಧತೆ

ವಿದೇಶ ಪ್ರವಾಸವೆಂದರೆ ಮುಂಬಯಿಯ ನಮ್ಮ ಕುಟುಂಬಗಳಿಗೆ ಇಂದಿಗೂ ಬಹುಮಟ್ಟಿಗೆ ಪ್ರವಾಸ ಸಂಸ್ಥೆಯ ಬಸ್ಸು, ಬೆಳಗಿನ ಆರು ಗಂಟೆಗೆ ಎಬ್ಬಿಸುವ ದೂರವಾಣಿ ಕರೆ, ಸಂಜೆ ಒಂದು ಭಾರತೀಯ ಭೋಜನಗೃಹ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕ್ಯಾರವಾನನ್ನು ಬಾಡಿಗೆಗೆ ಪಡೆದು, ತಾವೇ ಓಡಿಸಿಕೊಂಡು ಹೋಗಬಯಸುವವರೂ ಈಗ ನಮ್ಮ ನಡುವೆ ಕಾಣಸಿಗುತ್ತಾರೆ. ಸಂಘದ ಸಮಾರಂಭಗಳಲ್ಲಿ ಭೇಟಿಯಾದ ಹಲವರು ಈ ಕುರಿತು ವಿಚಾರಿಸಿದ್ದರಿಂದ, 2024ರ ಏಪ್ರಿಲ್‌ನಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ನಾವು ಕೈಗೊಂಡ ಹದಿನಾಲ್ಕು ದಿನಗಳ ಪ್ರವಾಸವನ್ನು ಆಧಾರವಾಗಿಟ್ಟುಕೊಂಡು ಕೆಲವು ವಿಷಯಗಳನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ನಾವೆಂದರೆ ಗಂಡ ಹೆಂಡತಿ, ಹನ್ನೊಂದು ಮತ್ತು ಆರು ವರ್ಷದ ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ಅಜ್ಜಿ. ಐವರಲ್ಲಿ ವಾಹನ ಓಡಿಸಬಲ್ಲವರು ಒಬ್ಬರೇ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕ್ಯಾರವಾನ್‌ಗಳಲ್ಲಿ ಎರಡು ಬಗೆ. ಒಂದು, ಕಾರಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಮತ್ತೊಂದು, ಎಂಜಿನ್, ಅಡುಗೆಮನೆ, ಹಾಸಿಗೆ ಎಲ್ಲವೂ ಒಂದೇ ದೇಹದಲ್ಲಿರುವ ಮೋಟರ್‌ಹೋಮ್. ಎಳೆದುಕೊಂಡು ಹೋಗುವ ವಾಹನವನ್ನು ಹಿಂದಕ್ಕೆ ತೆಗೆಯುವುದೇ ಒಂದು ವಿದ್ಯೆ. ನಮ್ಮ ಊರುಗಳಲ್ಲಿ ಅದರ ಅಭ್ಯಾಸಕ್ಕೆ ಅವಕಾಶವಿಲ್ಲದ ಕಾರಣ ಮೊದಲ ಪ್ರವಾಸಕ್ಕೆ ಎರಡನೆಯ ಬಗೆಯೇ ಲೇಸು. ನ್ಯೂಜಿಲೆಂಡನ್ನು ನಾವು ಆರಿಸಿಕೊಳ್ಳಲು ಮುಖ್ಯ ಕಾರಣ, ಅಲ್ಲಿಯೂ ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ಸಂಚಾರ. ಇಂಗ್ಲಿಷಿನಲ್ಲಿರುವ ನಮ್ಮ ಚಾಲನಾ ಪರವಾನಗಿಗೆ ಪ್ರವಾಸದ ಅವಧಿಗೆ ಅಲ್ಲಿ ಮಾನ್ಯತೆ ಇದೆ. ಆದರೂ ಆರ್‌ಟಿಒದಲ್ಲಿ ಒಂದು ವರ್ಷದ ಅಂತರರಾಷ್ಟ್ರೀಯ ಪರವಾನಗಿಯನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ವೀಸಾದ ಜೊತೆಗೆ ತಲೆಗೊಂದು ಪ್ರವಾಸಿ ಶುಲ್ಕವೂ ಇದೆ. 2024ರ ಅಕ್ಟೋಬರ್‌ನಲ್ಲಿ ಅದನ್ನು 35ರಿಂದ 100 ನ್ಯೂಜಿಲೆಂಡ್ ಡಾಲರಿಗೆ ಏರಿಸಲಾಯಿತು. ಐದು ಮಂದಿಯ ಲೆಕ್ಕದಲ್ಲಿ ಇದು ಸಣ್ಣ ಮೊತ್ತವಲ್ಲ.

ಋತುಮಾನ ಅಲ್ಲಿ ತಲೆಕೆಳಗು. ನಮ್ಮ ಮಕ್ಕಳ ಬೇಸಿಗೆ ರಜೆ ಅಲ್ಲಿನವರ ಶರತ್ಕಾಲ. ಏಪ್ರಿಲ್‌ನಲ್ಲಿ ಮರಗಳೆಲ್ಲ ಹಳದಿ, ಕೆಂಪು ಬಣ್ಣ ತಾಳಿ ಕಣ್ಣಿಗೆ ಹಬ್ಬವೇನೋ ಸರಿ, ಆದರೆ ತಿಂಗಳ ಕೊನೆಯಲ್ಲಿ ಸಂಜೆ ಆರರ ಒಳಗೇ ಸೂರ್ಯ ಮುಳುಗುತ್ತಾನೆ. ಮೇ ತಿಂಗಳಲ್ಲಿ ಹಗಲು ಇನ್ನೂ ಮೊಟಕು, ಚಳಿಯೂ ಹೆಚ್ಚು. ಡಿಸೆಂಬರ್, ಜನವರಿಯಲ್ಲಿ ಬೆಳಕು ಧಾರಾಳವಾಗಿದ್ದರೂ, ಅಲ್ಲಿಯ ಜನರೇ ರಜೆಯಲ್ಲಿರುವುದರಿಂದ ಬಾಡಿಗೆ ದುಬಾರಿ. ತಂಗುವ ಸ್ಥಳಗಳನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು.

ಇನ್ನು ಮಾರ್ಗ. ಡೊಂಬಿವಲಿಯ ನಮ್ಮ ಮನೆಯಲ್ಲಿ ಭೂಪಟ ಹರಡಿಕೊಂಡು ಹಾಕಿದ ಮೊದಲ ಯೋಜನೆಯಲ್ಲಿ ಎರಡೂ ದ್ವೀಪಗಳಿದ್ದವು, ಪಶ್ಚಿಮ ಕರಾವಳಿಯ ಹಿಮನದಿಗಳಿದ್ದವು, ನಡುವಿನ ಜಲಸಂಧಿಯನ್ನು ದಾಟುವ ಮೂರೂವರೆ ಗಂಟೆಯ ಹಡಗೂ ಇತ್ತು. ಒಟ್ಟು ಮೂರು ಸಾವಿರ ಕಿಲೋಮೀಟರಿಗೆ ಹತ್ತಿರ. ಒಬ್ಬನೇ ಚಾಲಕನಿರುವ ಕುಟುಂಬಕ್ಕೆ ಇದು ಪ್ರವಾಸವಲ್ಲ, ಸರಕು ಸಾಗಣೆ. ಯೋಜನೆಯನ್ನು ಅರ್ಧಕ್ಕೆ ಇಳಿಸಿದೆವು: ಕ್ರೈಸ್ಟ್‌ಚರ್ಚ್, ಟೆಕಪೊ ಸರೋವರ, ಅಒರಾಕಿ ಪರ್ವತ, ವಾನಕ, ಕ್ವೀನ್ಸ್‌ಟೌನ್, ಟೆ ಅನಾವು, ಡ್ಯುನೀಡಿನ್, ಮರಳಿ ಕ್ರೈಸ್ಟ್‌ಚರ್ಚ್. ಸುಮಾರು 1,500 ಕಿಲೋಮೀಟರ್. ಮೊದಲ ಹಂತ ಟೆಕಪೊವರೆಗೆ ಸುಮಾರು 225 ಕಿಲೋಮೀಟರ್, ಅಲ್ಲಿಂದ ಅಒರಾಕಿಯ ಬುಡಕ್ಕೆ ಸುಮಾರು 105. ಅಂತರ್ಜಾಲದ ಭೂಪಟ ತೋರಿಸುವ ಸಮಯ ಕಾರಿನದ್ದು. ಮೂರೂವರೆ ಟನ್ ಮೀರಿದ ವಾಹನಕ್ಕೆ ಅಲ್ಲಿ ಗಂಟೆಗೆ 90 ಕಿಲೋಮೀಟರಿನ ಮಿತಿಯಿದೆ. ತಿರುವು, ಏರು ಮತ್ತು ಒಂದೇ ವಾಹನ ಹಿಡಿಸುವ ಕಿರುಸೇತುವೆಗಳಲ್ಲಿ ಅದಕ್ಕೂ ಬಹಳ ಕೆಳಗೆ ಇಳಿಯಬೇಕು. ಅಂಥ ಸೇತುವೆಯ ಮುಂದಿನ ಫಲಕದಲ್ಲಿ ನಮ್ಮ ದಿಕ್ಕಿನ ಬಾಣ ಸಣ್ಣದಾಗಿ, ಕೆಂಪಾಗಿದ್ದರೆ ನಿಂತು ಎದುರಿನವರಿಗೆ ದಾರಿ ಕೊಡಬೇಕು.

ಅರ್ಧಕ್ಕಿಳಿಸಿದ ಮೇಲೂ ಒಂದು ದಿನ ತಪ್ಪಿದೆವು. ಕ್ವೀನ್ಸ್‌ಟೌನಿನಲ್ಲಿ ಮಕ್ಕಳ ಒತ್ತಾಯಕ್ಕೆ ಮಣಿದು ಮಧ್ಯಾಹ್ನ ಮೂರಕ್ಕೆ ಹೊರಟೆವು. ಟೆ ಅನಾವಿಗೆ 170 ಕಿಲೋಮೀಟರ್ ತಾನೇ ಎಂಬ ಧೈರ್ಯ. ನಡುವೆ ಡೀಸೆಲ್ ತುಂಬಿಸಿ ಚಹಾ ಕುಡಿದು ಹೊರಡುವಷ್ಟರಲ್ಲಿ ಕತ್ತಲಾಯಿತು, ಮಳೆಯೂ ಹಿಡಿಯಿತು. ಒಂದು ಕ್ಷಣದ ಮಂಪರು ಸಾಕಾಯಿತು. ಎಡಗಾಲಿಗಳು ಡಾಂಬರು ಬಿಟ್ಟು ಜಲ್ಲಿಯ ಮೇಲೆ ಹರಿದವು. ಒಳಗಿನ ಪಾತ್ರೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ವಾಹನ ರಸ್ತೆಗೆ ಮರಳಿತು, ಯಾರಿಗೂ ಏನೂ ಆಗಲಿಲ್ಲ. ಹಿಂದಿನಿಂದ ಅಜ್ಜಿ ಹೇಳಿದ್ದು ಇಷ್ಟೇ: "ಸಾಕು ಮಗಾ, ಎಲ್ಲಿಯಾದ್ರೂ ನಿಲ್ಸು." ದಾರಿಯ ಸಣ್ಣ ಊರೊಂದರ ಶಿಬಿರತಾಣದಲ್ಲಿ ಆ ರಾತ್ರಿ ತಂಗಿದೆವು. ಮರುದಿನದಿಂದ ನಾಲ್ಕು ಗಂಟೆಯ ನಂತರ ಗಾಲಿ ಉರುಳಕೂಡದೆಂದು ನಿಯಮ ಮಾಡಿಕೊಂಡೆವು. ಮಿಲ್ಫರ್ಡ್ ಸೌಂಡ್‌ಗೆ ಹೋಗಿಬರುವ ಸುಮಾರು 240 ಕಿಲೋಮೀಟರಿಗೆ ನಾವು ವಾಹನವನ್ನು ಟೆ ಅನಾವಿನಲ್ಲೇ ಬಿಟ್ಟು, ಪ್ರವಾಸಿ ಬಸ್ಸಿನಲ್ಲಿ ಹೋದೆವು. ಕಡಿದಾದ ಆ ಬೆಟ್ಟದ ದಾರಿಯಲ್ಲಿ 1954ರಲ್ಲಿ ತೆರೆದ ಹೋಮರ್ ಸುರಂಗವಿದೆ. ಅದನ್ನು ಚಾಲಕರಾದ ನಾವೂ ಕಿಟಕಿಯಿಂದ ನೋಡುವಂತಾದದ್ದು ಆ ದಿನದ ಲಾಭ.

ವಾಹನ ಆಯ್ಕೆಮಾಡುವಾಗ ಎಷ್ಟು ಮಂದಿ ಮಲಗಬಹುದೆಂದು ಕೇಳಿದರೆ ಸಾಲದು, ಎಷ್ಟು ಮಂದಿಗೆ ಸೀಟ್‌ಬೆಲ್ಟ್ ಇದೆಯೆಂದೂ ಕೇಳಬೇಕು. ಓಡುವ ವಾಹನದಲ್ಲಿ ಅಡುಗೆ ಮಾಡುವುದು, ಹಾಸಿಗೆಯಲ್ಲಿ ಮಲಗುವುದು ಸಿನಿಮಾದಲ್ಲಿ ಮಾತ್ರ. ಏಳು ವರ್ಷ ತುಂಬದ ಮಗುವಿಗೆ ಅಲ್ಲಿಯ ಕಾನೂನಿನಂತೆ ಪ್ರತ್ಯೇಕ ಸುರಕ್ಷಾ ಆಸನ ಕಡ್ಡಾಯ. ಅದನ್ನು ಮೊದಲೇ ಹೇಳಿ ಹಾಕಿಸಿಕೊಳ್ಳಬೇಕು. ಚಾಲಕನ ತಲೆಯ ಮೇಲಿನ ಅಟ್ಟದ ಹಾಸಿಗೆ ಮಕ್ಕಳಿಗೆ ಸ್ವರ್ಗ. ಮೊಣಕಾಲು ನೋವಿನ ಹಿರಿಯರಿಗೆ ಏಣಿ ಹತ್ತಲಾಗದು. ಹೀಗಾಗಿ ಐವರಿದ್ದ ನಾವು ಆರು ಮಂದಿಯ ವಾಹನವನ್ನೇ ತೆಗೆದುಕೊಂಡೆವು. ರಾತ್ರಿ ಮೇಜನ್ನು ಮಡಚಿ ಹಾಸಿಗೆ, ಬೆಳಿಗ್ಗೆ ಹಾಸಿಗೆಯನ್ನು ಮಡಚಿ ಮೇಜು. ಚಾಳಿನ ಒಂದೇ ಖೋಲಿಯಲ್ಲಿ ಏಳೆಂಟು ಮಂದಿ ಬೆಳೆದ ಮುಂಬಯಿಯವರಿಗೆ ಈ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಅಡುಗೆಮನೆ ನಮ್ಮಂಥ ಸಸ್ಯಾಹಾರಿಗಳಿಗೆ ಕ್ಯಾರವಾನಿನ ಅತಿ ದೊಡ್ಡ ಆಕರ್ಷಣೆ. ಆದರೆ ಮನೆಯಿಂದ ಏನನ್ನು ಒಯ್ಯಬಹುದು ಎಂಬಲ್ಲಿ ಎಚ್ಚರ ಬೇಕು. ಹೊರಗಿನ ಕೀಟ, ರೋಗಗಳು ತಮ್ಮ ಕೃಷಿಗೆ ತಗಲದಂತೆ ಆ ದೇಶ ಬಹಳ ಕಟ್ಟುನಿಟ್ಟು. ಹಣ್ಣು, ತರಕಾರಿ, ಹಸಿ ಕರಿಬೇವು, ಜೇನುತುಪ್ಪ ಮೊದಲಾದವನ್ನು ಮನೆಯಲ್ಲೇ ಬಿಡಬೇಕು. ಉಳಿದ ಎಲ್ಲ ತಿನಿಸನ್ನೂ ಆಗಮನ ಪತ್ರದಲ್ಲಿ ಘೋಷಿಸಬೇಕು. ನಿಷಿದ್ಧ ವಸ್ತುವನ್ನು ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಅಜ್ಜಿ ಕಟ್ಟಿಕೊಂಡಿದ್ದ ಸಾರಿನ ಪುಡಿಯನ್ನು ನಾವು ಘೋಷಿಸಿದೆವು. ಅಧಿಕಾರಿ ತೆರೆದು ನೋಡಿ ಮರಳಿಸಿದರು. ಅಕ್ಕಿ, ಬೇಳೆ, ಮಸಾಲೆಗಳೆಲ್ಲ ಕ್ರೈಸ್ಟ್‌ಚರ್ಚಿನ ಭಾರತೀಯ ಅಂಗಡಿಗಳಲ್ಲಿ ದೊರೆಯುತ್ತವೆ. ಗ್ಯಾಸ್ ಒಲೆ ಇರುತ್ತದೆ, ಸಣ್ಣ ಕುಕ್ಕರನ್ನು ನಾವೇ ಒಯ್ದಿದ್ದೆವು. ಒಗ್ಗರಣೆ ಹಾಕುವ ಮುನ್ನ ಕಿಟಕಿ ತೆರೆಯತಕ್ಕದ್ದು, ಇಲ್ಲವಾದರೆ ಹೊಗೆಯ ಎಚ್ಚರಿಕೆ ಗಂಟೆ ಇಡೀ ತಾಣವನ್ನು ಎಬ್ಬಿಸುತ್ತದೆ. ಇದು ನಾವು ಕಂಡುಕೊಂಡ ಸತ್ಯ.

ನೀರು, ವಿದ್ಯುತ್, ಶೌಚ ಈ ಮೂರರ ಲೆಕ್ಕ ಮೊದಲ ದಿನವೇ ಅರ್ಥವಾಗಬೇಕು. ನೀರಿನ ತೊಟ್ಟಿ ಸಾಮಾನ್ಯವಾಗಿ ನೂರು ಲೀಟರಿನ ಆಸುಪಾಸು. ಐವರು ಒಳಗೇ ಸ್ನಾನ ಮಾಡಿದರೆ ಒಂದು ದಿನಕ್ಕೂ ಸಾಲದು. ಡೀಸೆಲ್ ತುಂಬುವ ಬಾಯಿ, ನೀರು ತುಂಬುವ ಬಾಯಿ ಎರಡೂ ಹೊರಮೈಯಲ್ಲೇ ಇರುತ್ತವೆ. ಒಂದರಲ್ಲಿ ಮತ್ತೊಂದನ್ನು ಸುರಿದರೆ ಪ್ರವಾಸ ಅಲ್ಲಿಗೇ ನಿಲ್ಲುತ್ತದೆ, ದುರಸ್ತಿಯ ಖರ್ಚೂ ಬಾಡಿಗೆದಾರರ ತಲೆಗೇ ಬರುತ್ತದೆ. ಬ್ಯಾಟರಿಯಿಂದ ದೀಪ, ನೀರಿನ ಪಂಪು ನಡೆಯುತ್ತವೆ; ಮಿಕ್ಸರ್ ತಿರುಗಬೇಕಾದರೆ ತಾಣದ ವಿದ್ಯುತ್ ಕಂಬಕ್ಕೆ ವಾಹನವನ್ನು ಜೋಡಿಸಲೇಬೇಕು. ಶೌಚಾಲಯದ ಕೆಳಗೆ ಕ್ಯಾಸೆಟ್ ಎಂಬ ಪೆಟ್ಟಿಗೆಯಿರುತ್ತದೆ. ಅದನ್ನು ನಾವೇ ಹೊರತೆಗೆದು, ಅದಕ್ಕೆಂದೇ ಇರುವ ಸ್ಥಳದಲ್ಲಿ ಖಾಲಿ ಮಾಡಿ ತೊಳೆಯಬೇಕು. ಈ ಮಾತು ಮನೆಯಲ್ಲಿ ಕೆಲವು ದಿನಗಳ ಮೌನಕ್ಕೆ ಕಾರಣವಾಗಿತ್ತು. ಒಲೆಯಿಂದ ಎರಡು ಮಾರು ದೂರದಲ್ಲಿ ಶೌಚಾಲಯವೆಂಬುದನ್ನು ಅಜ್ಜಿಯ ಮಡಿ ಸುಲಭವಾಗಿ ಒಪ್ಪಲಿಲ್ಲ. ನಾವು ವಾದಕ್ಕೆ ಹೋಗಲಿಲ್ಲ. ಪ್ರತಿ ರಾತ್ರಿಯೂ ಹಾಲಿಡೇ ಪಾರ್ಕ್‌ಗಳಲ್ಲೇ ತಂಗುವುದೆಂದೂ, ಅಲ್ಲಿನ ಸಾರ್ವಜನಿಕ ಸ್ನಾನಗೃಹ, ಶೌಚಾಲಯಗಳನ್ನೇ ಬಳಸುವುದೆಂದೂ, ವಾಹನದೊಳಗಿನದು ನಡುರಾತ್ರಿಯ ತುರ್ತಿಗೆ ಮಾತ್ರವೆಂದೂ ತೀರ್ಮಾನವಾಯಿತು. ಬಾಡಿಗೆ ತುಸು ಹೆಚ್ಚಾಯಿತು, ಆದರೆ ಅಜ್ಜಿ ನೆಮ್ಮದಿಯಿಂದ ಬಂದರು.

ಕಂಡ ಕಂಡ ಸರೋವರದ ದಡದಲ್ಲಿ ಬಿಟ್ಟಿಯಾಗಿ ತಂಗಬಹುದೆಂಬ ಭಾವನೆ ಅನೇಕರಲ್ಲಿದೆ. ಅದಕ್ಕೆ 2011ರಿಂದಲೇ ಕಾನೂನಿದೆ. 2023ರಲ್ಲಿ ಅದು ಇನ್ನೂ ಬಿಗಿಯಾಗಿ, ಸ್ಥಿರವಾಗಿ ಕೂಡಿಸಿದ ಶೌಚಾಲಯವಿಲ್ಲದ ವಾಹನಗಳಿಗೆ ಸ್ವಯಂಪೂರ್ಣತೆಯ ಪ್ರಮಾಣಪತ್ರ ದೊರೆಯದಂತಾಯಿತು. ಫಲಕ ಓದದೆ ತಂಗಿದರೆ ನೂರಾರು ಡಾಲರ್ ದಂಡ ತೆರಬೇಕಾದೀತು.

ಹಣದ ವಿಷಯದಲ್ಲಿ ಎರಡು ಮಾತು. ಡೀಸೆಲ್ ವಾಹನಕ್ಕೆ ಓಡಿದ ದೂರಕ್ಕನುಗುಣವಾಗಿ ರಸ್ತೆ ಬಳಕೆಯ ಶುಲ್ಕ ಪ್ರತ್ಯೇಕ. ವಾಹನ ಮರಳಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ. ವಿಮೆಯ ಒಪ್ಪಂದದಲ್ಲಿ ನಮ್ಮ ಪಾಲಿಗೆ ಉಳಿಯುವ ಮೊತ್ತ ಸಾವಿರಾರು ಡಾಲರ್ ಇರಬಹುದು. ಛಾವಣಿ ಮತ್ತು ತಳಭಾಗದ ಹಾನಿಯನ್ನು ಎಷ್ಟೋ ಒಪ್ಪಂದಗಳು ಹೊರಗಿಡುತ್ತವೆ. ವಾಹನದ ಎತ್ತರವನ್ನು ಚೀಟಿಯಲ್ಲಿ ಬರೆದು ಚಾಲಕನ ಕಣ್ಣೆದುರು ಅಂಟಿಸಿಡುವುದು ಉತ್ತಮ.

ಮುಂಬಯಿಯಿಂದ ಸಿಂಗಾಪುರದ ಮಾರ್ಗವಾಗಿ ಹೋಗಿ ಇಳಿಯುವಾಗ ಒಂದು ರಾತ್ರಿಯ ನಿದ್ರೆ ಕೈತಪ್ಪಿರುತ್ತದೆ. ಇಳಿದ ದಿನವೇ ವಾಹನ ಪಡೆಯದೆ, ಒಂದು ರಾತ್ರಿ ಹೋಟೆಲಿನಲ್ಲಿ ಮಲಗಿ ಮರುದಿನ ಬೆಳಿಗ್ಗೆ ಪಡೆದೆವು. ಒಪ್ಪಿಸಿಕೊಳ್ಳುವಾಗ ಪ್ರತಿ ಗೀರನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು, ಕ್ಯಾಸೆಟ್ ತೆಗೆಯುವುದನ್ನು ಅವರಿಂದಲೇ ಎರಡು ಸಲ ಮಾಡಿಸಿ ನೋಡಿದೆವು.

ಕೊನೆಯ ರಾತ್ರಿಯೂ ಹಾಗೆಯೇ ನಗರದ ಸಮೀಪದ ಪಾರ್ಕಿನಲ್ಲಿರಬೇಕು. ತೊಟ್ಟಿ ಖಾಲಿ ಮಾಡಿ, ಒಲೆ ಒರೆಸಿ, ಡೀಸೆಲ್ ತುಂಬಿಸಿ ಒಪ್ಪಿಸಲು ಅರ್ಧ ದಿನ ಬೇಕಾಗುತ್ತದೆ. ಅಲ್ಲಿನ ಪಾರ್ಕುಗಳ ಸಾಮೂಹಿಕ ಅಡುಗೆಮನೆಯಲ್ಲಿ, ಹೊರಡುವವರು ಉಳಿದ ದಿನಸಿಯನ್ನು ಬರುವವರಿಗಾಗಿ ಇಟ್ಟುಹೋಗುವ ಕಪಾಟೊಂದಿರುತ್ತದೆ. ಮೊದಲ ದಿನ ಉಪ್ಪು, ಎಣ್ಣೆ ನಮಗೆ ಸಿಕ್ಕಿದ್ದು ಅಂಥ ಕಪಾಟಿನಲ್ಲೇ. ಅಜ್ಜಿ ಅಲ್ಲಿ ಒಂದು ಕಿಲೋ ಅಕ್ಕಿ, ಅರ್ಧ ಡಬ್ಬಿ ತೊಗರಿಬೇಳೆ ಇಟ್ಟರು. ಸಾರಿನ ಪುಡಿಯನ್ನು ಮಾತ್ರ ಮರಳಿ ಚೀಲಕ್ಕೆ ಸೇರಿಸಿಕೊಂಡರು.